ಹಳೆಯ ಲೀವರ್ ಆಕ್ಷನ್ ಕಾರ್ಬೈನ್ ಕೊಳ್ಳುವ ಮುನ್ನ

ಪ್ರಶ್ನೆ: ನಾನು ಮಡಿಕೇರಿ ಕಡೆಯವನು. ಕೆಲವು ವರ್ಷಗಳಿಂದ ಟೆಕ್ಸಾಸಿನ ಆಸ್ಟಿನ್ ಸಮೀಪ ನೆಲೆಸಿದ್ದೇನೆ, ಗ್ರೀನ್ ಕಾರ್ಡ್ ದೊರೆತಿದೆ. ಊರಿನ ಮನೆಯಲ್ಲಿ ಜೋಡಿ ನಳಿಗೆಯ ಕೋವಿ ಇದ್ದುದರಿಂದ ಬಂದೂಕು ನನಗೆ ಹೊಸದಲ್ಲ. ಇತ್ತೀಚೆಗೆ ಸಹೋದ್ಯೋಗಿಯೊಬ್ಬರು ಕೌಬಾಯ್ ಶೂಟಿಂಗ್ ಸ್ಪರ್ಧೆಯೊಂದಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ರಿವಾಲ್ವರಿನ ತೋಟೆಯನ್ನೇ ಹಾರಿಸುವ, ಟ್ರಿಗರಿನ ಬಳಿಯ ಲೀವರನ್ನು ತೆಗೆದು ಮುಚ್ಚಿ ತೋಟೆ ತುಂಬುವ ಲೀವರ್ ರೈಫಲ್‌ಗಳನ್ನು ನೋಡಿದಂದಿನಿಂದ ಅಂಥದ್ದೊಂದನ್ನು, ಸಾಧ್ಯವಾದರೆ ಹಳೆಯದನ್ನೇ, ಕೊಳ್ಳಬೇಕೆಂಬ ಆಸೆಯಿದೆ. ಯಾವ ಕ್ಯಾಲಿಬರ್, ಎಂದರೆ ಯಾವ ಅಳತೆಯ ತೋಟೆ, ಒಳ್ಳೆಯದು, ಯಾವ ತಯಾರಿಕೆ ಒಳ್ಳೆಯದು, ಅಂಗಡಿಯಲ್ಲಿ ಏನೇನು ಪರೀಕ್ಷಿಸಬೇಕು? ನನ್ನ ಜೊತೆಗೇ ಇರುವ ತಮ್ಮ ಎಚ್-1ಬಿ ವೀಸಾದಲ್ಲಿದ್ದಾನೆ, ಅವನೂ ಹಾರಿಸಬಹುದೇ? ಕೊಡವರಿಗೆ ಊರಿನಲ್ಲಿರುವ ಲೈಸೆನ್ಸ್ ವಿನಾಯಿತಿ ಇಲ್ಲಿ ಪ್ರಯೋಜನಕ್ಕೆ ಬರುತ್ತದೆಯೇ?

ಉತ್ತರ: ತಮ್ಮನ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ತಪ್ಪಿದರೆ ಸರಿಪಡಿಸಿಕೊಳ್ಳಲಾಗದ ಸಂಗತಿ ಅದೊಂದೇ. ಅಮೆರಿಕದ ಫೆಡರಲ್ ಕಾನೂನು ವಲಸೆಯೇತರ ವೀಸಾದ ಮೇಲೆ ಬಂದವರು ಬಂದೂಕನ್ನಾಗಲಿ ತೋಟೆಗಳನ್ನಾಗಲಿ ಕೊಳ್ಳುವುದನ್ನಷ್ಟೇ ಅಲ್ಲ, ಹೊಂದಿರುವುದನ್ನೂ ನಿಷೇಧಿಸುತ್ತದೆ. ಎಚ್-1ಬಿ, ಎಚ್-4, ಎಲ್-1, ಎಫ್-1 ಎಲ್ಲವೂ ಆ ವರ್ಗಕ್ಕೇ ಸೇರಿದವು. ರೇಂಜಿನಲ್ಲಿ ಬಾಡಿಗೆಗೆ ಪಡೆದ ಬಂದೂಕನ್ನು ಅರ್ಧ ಗಂಟೆ ಹಾರಿಸಿ ಹಿಂದಿರುಗಿಸುವುದು ಕೂಡ ಕಾನೂನಿನ ಕಣ್ಣಿನಲ್ಲಿ ಹೊಂದಿರುವುದೇ ಆಗುತ್ತದೆ. ಅದೇ ಕಾನೂನಿನಲ್ಲಿ ಕೆಲವು ವಿನಾಯಿತಿಗಳಿವೆ. ಅವುಗಳಲ್ಲಿ ನಮ್ಮವರಿಗೆ ಅನ್ವಯಿಸಬಹುದಾದದ್ದು, ಅಮೆರಿಕದ ಯಾವುದಾದರೂ ರಾಜ್ಯ ನೀಡಿದ, ಅವಧಿ ಮುಗಿಯದ ಬೇಟೆ ಪರವಾನಗಿ ಉಳ್ಳವರಿಗೆ ಇರುವ ವಿನಾಯಿತಿ. ಟೆಕ್ಸಾಸಿನಲ್ಲಿ 1971ರ ಸೆಪ್ಟೆಂಬರ್ 2ರಂದು ಅಥವಾ ಅನಂತರ ಹುಟ್ಟಿದವರು ಬೇಟೆಯಾಡಲು ಹಂಟರ್ ಎಜುಕೇಶನ್ ತರಬೇತಿಯನ್ನೂ ಪಡೆದಿರಬೇಕು. ವಾರ್ಷಿಕ ಪರವಾನಗಿಯ ಅವಧಿ ಆಗಸ್ಟ್ 31ಕ್ಕೆ ಮುಗಿಯುತ್ತದೆ; ಅದನ್ನು ಮರೆತು ಸೆಪ್ಟೆಂಬರಿನಲ್ಲಿ ರೇಂಜಿಗೆ ಹೋದರೆ ವಿನಾಯಿತಿ ಇಲ್ಲದೆ ಹೋದಂತೆಯೇ. ಬಂದೂಕಿಗೆ ಸಂಬಂಧಿಸಿದ ಅಪರಾಧದಲ್ಲಿ ಶಿಕ್ಷೆಯಾದರೆ ದೇಶದಿಂದ ಹೊರಹಾಕಲು ಅದೊಂದೇ ಕಾರಣ ಸಾಕಾಗುವುದರಿಂದ, ಪರವಾನಗಿ ಕೈಯಲ್ಲಿದ್ದರೂ ಒಮ್ಮೆ ವಲಸೆ ವಕೀಲರೊಬ್ಬರ ಲಿಖಿತ ಸಲಹೆ ಪಡೆದ ಮೇಲೆಯೇ ತಮ್ಮನ ಕೈಗೆ ಬಂದೂಕು ಕೊಡಿ ಎಂದು ಒತ್ತಿ ಹೇಳುತ್ತೇನೆ. ಅಲ್ಲಿಯವರೆಗೆ ಬಂದೂಕು ಮತ್ತು ತೋಟೆಗಳು ನಿಮ್ಮ ಕೈಯಲ್ಲಿ ಮಾತ್ರ ಬೀಗದ ಕೀಲಿ ಇರುವ ಸೇಫಿನಲ್ಲಿರಲಿ, ಏಕೆಂದರೆ ಒಂದೇ ಮನೆಯಲ್ಲಿ ಅವನ ಕೈಗೆಟಕುವಂತೆ ಇಟ್ಟರೂ ಅವನು ಹೊಂದಿದ್ದಾನೆಂದು ವಾದಿಸಲು ಆಸ್ಪದವಿರುತ್ತದೆ.

ನಿಮ್ಮ ಸ್ಥಿತಿ ಬೇರೆ. ಗ್ರೀನ್ ಕಾರ್ಡ್ ಉಳ್ಳವರು, ಬೇರೆ ಅಡ್ಡಿಗಳಿಲ್ಲದಿದ್ದರೆ, ನಾಗರಿಕರಂತೆಯೇ ಕೊಳ್ಳಬಹುದು. ಈಗಿನ ವಿಳಾಸವಿರುವ ಸರ್ಕಾರಿ ಗುರುತಿನ ಚೀಟಿ ಮತ್ತು ಗ್ರೀನ್ ಕಾರ್ಡಿನ ಸಂಖ್ಯೆಯೊಂದಿಗೆ ಲೈಸೆನ್ಸ್ ಪಡೆದ ವ್ಯಾಪಾರಿಯ ಬಳಿ 4473 ಎಂಬ ನಮೂನೆಯನ್ನು ಭರ್ತಿ ಮಾಡಿದರೆ, ಅವರು ಎಫ್‌ಬಿಐ ನಡೆಸುವ ಹಿನ್ನೆಲೆ ಪರಿಶೀಲನೆಯನ್ನು ಮಾಡಿಸಿ ರೈಫಲನ್ನು ನಿಮಗೆ ಒಪ್ಪಿಸುತ್ತಾರೆ. ಇನ್ನು ಕೊಡವರಿಗೂ ಜಮ್ಮಾ ಎಂಬ ಕೊಡಗಿನ ಪಾರಂಪರಿಕ ಭೂಹಿಡುವಳಿ ಉಳ್ಳವರಿಗೂ ಭಾರತದ ಆಯುಧ ಕಾಯಿದೆಯಡಿ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮುಂದಿನ ಹತ್ತು ವರ್ಷಗಳಿಗೆ ವಿಸ್ತರಿಸಿದೆಯಾದರೂ, ಅದಕ್ಕೆ ಅಮೆರಿಕದಲ್ಲಿ ಯಾವ ಬೆಲೆಯೂ ಇಲ್ಲ.

ಈಗ ರೈಫಲ್‌ಗಳ ವಿಷಯಕ್ಕೆ ಬರೋಣ. ಒಂದೇ ತೋಟೆ ಸೊಂಟದ ರಿವಾಲ್ವರಿಗೂ ಹೆಗಲಿನ ರೈಫಲಿಗೂ ಒದಗಬೇಕೆಂಬ ಯೋಚನೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಶ್ಚಿಮ ಭಾಗದ ಅಗತ್ಯದಿಂದ ಬಂದದ್ದು. ವಿಂಚೆಸ್ಟರ್ ಕಂಪನಿ 1873ರ ಮಾದರಿಯನ್ನು .44-40 ಎಂಬ ತೋಟೆಯೊಂದಿಗೆ ಹೊರತಂದಿತು. ಆ ಹೆಸರಿನ 40 ಎಂಬುದು ಒಳಗೆ ತುಂಬುತ್ತಿದ್ದ ಕರಿಮದ್ದಿನ ತೂಕ, ಗ್ರೇನ್ ಎಂಬ ಅಳತೆಯಲ್ಲಿ. ಕೋಲ್ಟ್ ಕಂಪನಿ ತನ್ನ ರಿವಾಲ್ವರನ್ನು 1878ರಲ್ಲಿ ಅದೇ ತೋಟೆಗೆ ಹೊಂದಿಸಿ ಮಾರಾಟಕ್ಕೆ ಬಿಟ್ಟ ಮೇಲೆ, ಊರಿಂದೂರಿಗೆ ಕುದುರೆಯ ಮೇಲೆ ಹೋಗುವವನಿಗೆ ಎರಡು ಬಗೆಯ ತೋಟೆ ಹೊರುವ ಕಷ್ಟ ತಪ್ಪಿತು. ಇಂದು ಎಲ್ಲರೂ ಕೇಳುವ .45 ಕೋಲ್ಟ್ ಕ್ಯಾಲಿಬರಿನಲ್ಲಿ ಆ ಕಾಲದ ವಿಂಚೆಸ್ಟರ್ ರೈಫಲ್‌ಗಳು ತಯಾರಾಗಲೇ ಇಲ್ಲ. ಆಗಿನ .45 ಕೋಲ್ಟ್ ತೋಟೆಯ ಅಂಚು ಬಹಳ ಕಿರಿದಾಗಿದ್ದು, ರೈಫಲಿನ ಎಕ್ಸ್‌ಟ್ರಾಕ್ಟರ್ ಎಂಬ ಕೊಕ್ಕೆ ಅದನ್ನು ಹಿಡಿದು ಹೊರಗೆಳೆಯಲು ಸಾಲುತ್ತಿರಲಿಲ್ಲ ಎಂಬುದನ್ನು ಅದಕ್ಕೆ ಕಾರಣವಾಗಿ ಸಾಮಾನ್ಯವಾಗಿ ಹೇಳುತ್ತಾರೆ. ಆದ್ದರಿಂದ ಯಾರಾದರೂ ಶತಮಾನದಷ್ಟು ಹಳೆಯ ಅಸಲಿ .45 ಕೋಲ್ಟ್ ವಿಂಚೆಸ್ಟರ್ ಎಂದು ತೋರಿಸಿದರೆ ನಳಿಗೆ ಬದಲಾಗಿದೆಯೇ ಎಂದು ಕೇಳಿ.

ಮೊದಲ ಕಾರ್ಬೈನಿಗೆ, ಎಂದರೆ ಗಿಡ್ಡ ರೈಫಲಿಗೆ, ನನ್ನ ಸಲಹೆ .357 ಮ್ಯಾಗ್ನಮ್. ಆ ಚೇಂಬರಿನಲ್ಲಿ, ಎಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನಲ್ಲಿ, ಅಗ್ಗವೂ ಸೌಮ್ಯವೂ ಆದ .38 ಸ್ಪೆಷಲ್ ತೋಟೆಗಳನ್ನೂ ಹಾರಿಸಬಹುದು ಎಂಬುದು ಮೊದಲ ಕಾರಣ. ಎರಡನೆಯದು ಉದ್ದ ನಳಿಗೆ ಅದಕ್ಕೆ ತಂದುಕೊಡುವ ಲಾಭ. ಸುಮಾರು 10 ಗ್ರಾಂ ತೂಗುವ 158 ಗ್ರೇನ್ ಗುಂಡು ನಾಲ್ಕು ಇಂಚಿನ ರಿವಾಲ್ವರಿನಿಂದ ಸೆಕೆಂಡಿಗೆ ಸುಮಾರು 1,250 ಅಡಿ ವೇಗದಲ್ಲಿ ಹೊರಟರೆ, ಹದಿನೆಂಟು ಇಂಚಿನ ಕಾರ್ಬೈನಿನಿಂದ ಅದೇ ತೋಟೆ 1,800 ಅಡಿಯ ಹತ್ತಿರ ಹೋಗುತ್ತದೆ. ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಇದು ಹೆಚ್ಚುಕಡಿಮೆ ಇಮ್ಮಡಿಯಾದಂತೆ. ನಿಧಾನವಾಗಿ ಉರಿಯುವ ಮದ್ದಿಗೆ ಗಿಡ್ಡ ನಳಿಗೆಯಲ್ಲಿ ಪೂರ್ತಿ ಕೆಲಸ ಮಾಡಲು ಎಡೆಯಿರುವುದಿಲ್ಲ, ಇಲ್ಲಿ ಇರುತ್ತದೆ. .38 ಸ್ಪೆಷಲ್ ತೋಟೆಗೆ ಈ ಲಾಭ ಅಲ್ಪ. 158 ಗ್ರೇನಿನ ಸಾಧಾರಣ ತೋಟೆಯ ಗುಂಡು ಕಾರ್ಬೈನಿನಿಂದಲೂ ಶಬ್ದದ ವೇಗಕ್ಕಿಂತ ಕೆಳಗೇ ಉಳಿಯುತ್ತದೆ, ಹಾಗಾಗಿಯೇ ಅದರ ಸದ್ದು ಮೃದು, ಹೆಗಲಿಗೆ ಒದೆತ ಇಲ್ಲವೆನ್ನುವಷ್ಟು ಕಡಿಮೆ. ಜೋಡಿ ನಳಿಗೆಯ ಹನ್ನೆರಡು ಬೋರಿನ ಒದೆತ ಬಲ್ಲ ನಿಮಗೆ ಮೊದಲ ಹತ್ತು ಈಡುಗಳಲ್ಲೇ ಈ ವ್ಯತ್ಯಾಸ ತಿಳಿಯುತ್ತದೆ.

.44 ಮ್ಯಾಗ್ನಮ್ ಹೆಚ್ಚು ಬಲವುಳ್ಳದ್ದು. ನೂರು ಗಜದೊಳಗೆ ಜಿಂಕೆಗೂ ಕಾಡುಹಂದಿಗೂ ಅದು ಧಾರಾಳವಾಗಿ ಸಾಕು. ಆದರೆ ಮೂರು ಕಿಲೋ ಆಸುಪಾಸು ತೂಗುವ, ಹಿಂಬದಿಗೆ ಗಟ್ಟಿ ತಗಡು ಜಡಿದ ಕಾರ್ಬೈನಿನಲ್ಲಿ ಒಂದು ಪೆಟ್ಟಿಗೆ ತೋಟೆ ಮುಗಿಸುವಷ್ಟರಲ್ಲಿ ಭುಜ ನೋಯುತ್ತದೆ. .44 ಸ್ಪೆಷಲ್ ಹಾಕಿ ಹಗುರಗೊಳಿಸಬಹುದಾದರೂ ಅದು ಬೆಲೆಯಲ್ಲಿ ಹಗುರವಲ್ಲ. .45 ಕೋಲ್ಟ್ ಸುಂದರವಾದ ತೋಟೆ, ಸ್ವತಃ ತೋಟೆ ತುಂಬಿಕೊಳ್ಳುವವರಿಗೆ ಹೇಳಿ ಮಾಡಿಸಿದಂಥದ್ದು. .44-40 ಮತ್ತು .32-20 ಹಳೆಯ ಅಸಲಿ ರೈಫಲ್‌ಗಳ ಮೇಲಿನ ಪ್ರೀತಿಗಾಗಿ ಕೊಳ್ಳುವಂಥವು. ತೋಟೆ ದೊರೆಯುವುದು ಕಷ್ಟ, ನಳಿಗೆಗಳು ಕರಿಮದ್ದಿನಿಂದ ಸವೆದಿರುವುದು ಸಾಮಾನ್ಯ. ಇವುಗಳನ್ನು ಎರಡನೆಯ ಅಥವಾ ಮೂರನೆಯ ರೈಫಲಾಗಿ ಇಟ್ಟುಕೊಳ್ಳಿ.

ತಯಾರಿಕೆಯ ಬಗ್ಗೆ ನೀವು ಅಂಗಡಿಯಲ್ಲಿ ಮೊದಲು ಕೇಳುವ ಹೆಸರು ಮಾರ್ಲಿನ್ 1894. ಮೂಲ ಮಾದರಿ 1930ರ ದಶಕದಲ್ಲಿ ನಿಂತುಹೋಗಿ, 1969ರಲ್ಲಿ .44 ಮ್ಯಾಗ್ನಮ್‌ನಲ್ಲಿ ಮತ್ತೆ ಬಂತು; .357ರ 1894ಸಿ ಬಂದದ್ದು 1979ರಲ್ಲಿ. ಕನೆಕ್ಟಿಕಟ್‌ನ ನಾರ್ತ್ ಹೇವನ್ ಕಾರ್ಖಾನೆಯಲ್ಲಿ ತಯಾರಾದವುಗಳ ನಳಿಗೆಯ ಮೇಲೆ, ರಿಸೀವರಿಗೆ (ಯಂತ್ರಭಾಗಗಳಿರುವ ಒಡಲಿಗೆ) ಸೇರುವ ಜಾಗದ ಬಳಿ, ‘ಜೆಎಂ’ ಎಂಬ ಪುಟ್ಟ ಮುದ್ರೆ ಇರುತ್ತದೆ. ರೆಮಿಂಗ್ಟನ್ ಕಂಪನಿ ಮಾರ್ಲಿನ್ನನ್ನು ಕೊಂಡು, ಆ ಕಾರ್ಖಾನೆಯನ್ನು ಮುಚ್ಚಿ, 2010ರ ನಂತರ ತಯಾರಿಕೆಯನ್ನು ನ್ಯೂಯಾರ್ಕ್ ರಾಜ್ಯದ ಇಲಿಯನ್‌ಗೆ ಸಾಗಿಸಿದಾಗ, ಹಳೆಯ ಯಂತ್ರಗಳ ಮರ್ಮ ಬಲ್ಲ ಕೈಗಳು ಯಂತ್ರಗಳ ಜೊತೆಗೆ ಹೋಗಲಿಲ್ಲ. ಆ ಮೊದಲ ವರ್ಷಗಳ ರೈಫಲ್‌ಗಳಲ್ಲಿ ವಾಲಿದ ಗುರಿ ಸೈಟುಗಳು, ಲೋಹಕ್ಕೆ ಸರಿಯಾಗಿ ಕೂರದ ಮರ, ಒರಟು ಆಕ್ಷನ್ (ತೋಟೆ ತುಂಬಿ ತೆಗೆಯುವ ಯಂತ್ರ) ಇವೆಲ್ಲ ವ್ಯಾಪಕವಾಗಿ ಕಂಡುಬಂದು ಹೆಸರು ಕೆಟ್ಟಿತು. ನಂತರದ ವರ್ಷಗಳಲ್ಲಿ ಸುಧಾರಿಸಿತಾದರೂ ಕೆಟ್ಟ ಹೆಸರು ಉಳಿಯಿತು. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ರೂಗರ್ ಕಂಪನಿ ಮಾರ್ಲಿನ್ನನ್ನು ಕೊಂಡು ಉತ್ತರ ಕೆರೊಲೈನಾದ ಮೇಯೊಡಾನ್‌ನಲ್ಲಿ ತಯಾರಿಸುತ್ತಿದೆ, ಅವುಗಳ ಗುಣಮಟ್ಟ ಉತ್ತಮವಾಗಿದೆ. ಕ್ರಮಸಂಖ್ಯೆ ‘ಎಂಆರ್’ ಎಂದು ಆರಂಭವಾದರೆ ರೆಮಿಂಗ್ಟನ್ ಕಾಲದ್ದು, ‘ಆರ್‌ಎಂ’ ಎಂದಾದರೆ ರೂಗರ್ ಕಾಲದ್ದು. ಅಕ್ಷರಗಳಿಲ್ಲದ ಹಳೆಯ ಸಂಖ್ಯೆಯಾದರೆ, 1973ರ ನಂತರದವುಗಳಲ್ಲಿ ಮೊದಲ ಎರಡು ಅಂಕಿಗಳನ್ನು 100ರಿಂದ ಕಳೆದರೆ ತಯಾರಾದ ವರ್ಷ ತಿಳಿಯುತ್ತದೆ: 20 ಎಂದು ಆರಂಭವಾದದ್ದು 1980ರದ್ದು, 15 ಎಂದಾದರೆ 1985ರದ್ದು. 1980ರ ದಶಕದ ಮಧ್ಯದಿಂದೀಚಿನವುಗಳಲ್ಲಿ ಹ್ಯಾಮರಿನ (ತೋಟೆ ಸಿಡಿಸಲು ಬಡಿಯುವ ಭಾಗದ) ಮುಂದೆ ಅಡ್ಡಲಾಗಿ ಒತ್ತುವ ಸೇಫ್ಟಿ ಗುಂಡಿ ಇರುತ್ತದೆ. ಅದಿಲ್ಲದವುಗಳಿಗೆ ಬೆಲೆ ಹೆಚ್ಚು, ಆದರೆ ಅದಿದ್ದ ಮಾತ್ರಕ್ಕೆ ಗುರಿ ಕೆಡುವುದಿಲ್ಲ.

ಇಲ್ಲಿ ನನ್ನ ಮುಖ್ಯ ಮಾತನ್ನು ಹೇಳಬೇಕು. ‘ಜೆಎಂ’ ಮುದ್ರೆಗಾಗಿ ಜನ ಇಂದು ಸಾವಿರ ಡಾಲರಿಗೂ ಮೀರಿ ಕೊಡುತ್ತಿದ್ದಾರೆ. ಮುದ್ರೆ ನೋಡಿ ಹಣ ಎಣಿಸುವ ಎಷ್ಟೋ ಮಂದಿ ಆ ರೈಫಲಿನ ಲೀವರನ್ನು ಎರಡು ಸಲ ತೆಗೆದು ಮುಚ್ಚಿ ಸಹ ನೋಡುವುದಿಲ್ಲ. ಸಾವಿರಾರು ತೋಟೆ ಹಾರಿಸಿ ಸವೆದ ‘ಜೆಎಂ’ಗಿಂತ, ಬೀರುವಿನಲ್ಲೇ ಕಾಲ ಕಳೆದ ಇಲಿಯನ್ ರೈಫಲ್ ಉತ್ತಮವಾಗಿರಲು ಸಾಧ್ಯವಿದೆ. ಹಳೆಯ ಬಂದೂಕು ಕೊಳ್ಳುವವರು ಹೆಸರನ್ನು ತಿಳಿದಿರಬೇಕು, ಆದರೆ ತೀರ್ಮಾನಿಸಬೇಕಾದದ್ದು ಎದುರಿಗಿರುವ ಆ ಒಂದೇ ಒಂದು ರೈಫಲಿನ ಸ್ಥಿತಿಯನ್ನು ನೋಡಿ.

ಮಾರ್ಲಿನ್ ಬೆಲೆ ಕೈಗೆಟಕದಿದ್ದರೆ ಬ್ರೆಜಿಲ್‌ನ ರೊಸ್ಸಿ 92 ಇದೆ. ಇದು ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ವಿಂಚೆಸ್ಟರ್ 1892ರ ಪ್ರತಿರೂಪ. ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟಿನ ಎರಡೂ ಪಕ್ಕಗಳಲ್ಲಿ ನೆಟ್ಟಗೆ ಮೇಲೇಳುವ ಎರಡು ಉಕ್ಕಿನ ಬೀಗಗಳಿರುವ ಈ ರಚನೆ ಎಷ್ಟು ಬಲವಾದದ್ದೆಂದರೆ, ರೊಸ್ಸಿ ಇದನ್ನೇ .454 ಕಸುಲ್‌ನಂಥ ಪ್ರಚಂಡ ತೋಟೆಗೂ ತಯಾರಿಸಿದೆ. ಹಳೆಯ ರೊಸ್ಸಿಗಳು ‘ಪ್ಯೂಮಾ’ ಎಂಬ ಹೆಸರಿನಲ್ಲೂ ದೊರೆಯುತ್ತವೆ. ಆಕ್ಷನ್ ಬಿಗಿ, ಸ್ಪ್ರಿಂಗುಗಳು ಅಗತ್ಯಕ್ಕಿಂತ ಗಡುಸು, ಮರದ ಕೆಲಸ ಸಾಧಾರಣ. ಆದರೆ ಇವೆಲ್ಲ ಬಲ್ಲ ಗನ್‌ಸ್ಮಿತ್ ಒಬ್ಬರು ಸರಿಪಡಿಸಬಹುದಾದ ಕೊರತೆಗಳು, ಮತ್ತು ಮೊದಲ ಮಾಲೀಕರು ಈಗಾಗಲೇ ಸರಿಪಡಿಸಿದ್ದರೆ ಆ ಹಳೆಯ ರೊಸ್ಸಿ ಹೊಸದಕ್ಕಿಂತ ಮೇಲು. ಇದೇ ವಿನ್ಯಾಸದ ಅತ್ಯುತ್ತಮ ಕೆಲಸ ಬೇಕೆನ್ನುವವರು 1970ರ ದಶಕದ ಕೊನೆಯಿಂದ 1980ರ ದಶಕದ ಉತ್ತರಾರ್ಧದವರೆಗೆ ಜಪಾನಿನ ಮಿರೋಕು ಕಾರ್ಖಾನೆಯಲ್ಲಿ ತಯಾರಾದ ಬ್ರೌನಿಂಗ್ ಬಿ-92ಕ್ಕಾಗಿ ಕಣ್ಣಿಟ್ಟಿರಲಿ. ಅದರ ಲೀವರ್ ತೆಗೆದು ಮುಚ್ಚಿದಾಗ ಲೋಹಕ್ಕೆ ಲೋಹ ಉಜ್ಜುವ ಸೂಚನೆಯೇ ಕೈಗೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಈ ಬಗೆಯ ಬಂದೂಕುಗಳಲ್ಲಿ ಅದಕ್ಕೆ ಮೊದಲ ಸ್ಥಾನ.

ನೀವು ಸ್ಪರ್ಧೆಯಲ್ಲಿ ನೋಡಿದವುಗಳಲ್ಲಿ ಹೆಚ್ಚಿನವು ಇಟಲಿಯ ಉಬೆರ್ಟಿ ಕಂಪನಿಯ 1873 ಮಾದರಿಗಳಾಗಿರಬೇಕು. ಅದರಲ್ಲಿ ತೋಟೆ ಲಿಫ್ಟಿನಂತೆ ನೆಟ್ಟಗೆ ಮೇಲೇರಿ ಚೇಂಬರಿನ ನೇರಕ್ಕೆ ಬರುತ್ತದೆ, ಆದ್ದರಿಂದಲೇ ಅಷ್ಟು ನಯ, ಅಷ್ಟು ವೇಗ. ಆದರೆ ಬೋಲ್ಟನ್ನು ಹಿಡಿದಿಡುವುದು ಮೊಣಕಾಲಿನ ಕೀಲಿನಂಥ ಜೋಡಣೆಯಾದ್ದರಿಂದ 92ರ ಬಲ ಅದಕ್ಕಿಲ್ಲ. ಕಾರ್ಖಾನೆಯ ಸಾಮಾನ್ಯ ತೋಟೆಗಳಿಗೆ ಸರಿ, ಕೈಯಾರೆ ಬಿಗಿಯಾಗಿ ತುಂಬಿದ ತೋಟೆಗಳಿಗೆ ಸಲ್ಲದು. ಈ ಕೌಬಾಯ್ ಸ್ಪರ್ಧೆಗಳ ಸಂಘವಾದ ಸಿಂಗಲ್ ಆಕ್ಷನ್ ಶೂಟಿಂಗ್ ಸೊಸೈಟಿಯ ನಿಯಮಗಳೂ ಸೌಮ್ಯ ತೋಟೆಗಳನ್ನೇ ಬಯಸುತ್ತವೆ: ಸೀಸದ ಗುಂಡು, ರೈಫಲಿನಿಂದ ಸೆಕೆಂಡಿಗೆ 1,400 ಅಡಿ ಮೀರದ ವೇಗ. ಸ್ಪರ್ಧೆಯೇ ನಿಮ್ಮ ಗುರಿಯಾದರೆ 1873ನ್ನು ಕೊಳ್ಳಿ, ಕಾಡಿಗೂ ಒಯ್ಯುವ ಮನಸ್ಸಿದ್ದರೆ 92 ಅಥವಾ ಮಾರ್ಲಿನ್. ವಿಂಚೆಸ್ಟರ್ 94ನ್ನು ಕೂಡ ಈ ತೋಟೆಗಳಿಗೆ ತಯಾರಿಸಿದ್ದುಂಟು. ಅದರ ಆಕ್ಷನ್ ಹುಟ್ಟಿದ್ದು ಉದ್ದನೆಯ.30-30ರಂಥ ತೋಟೆಗಾಗಿ, ಗಿಡ್ಡ ತೋಟೆಗಳನ್ನು ಅದು ಅಷ್ಟು ಹಿತವಾಗಿ ಸಾಗಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹುಡುಕುವ ಜಾಗಗಳು ಹಲವು. ಊರಿನ ಗನ್ ಶಾಪಿನ ಹಳೆಯ ಮಾಲಿನ ಸಾಲು, ಗಿರವಿ ಅಂಗಡಿ, ಗನ್ ಶೋ, ತೀರಿಕೊಂಡವರ ಆಸ್ತಿಯ ಹರಾಜು, ಆನ್‌ಲೈನ್ ಹರಾಜು. ಮೊದಲ ಖರೀದಿಗೆ ಆನ್‌ಲೈನ್ ಬೇಡವೆನ್ನುತ್ತೇನೆ, ಏಕೆಂದರೆ ಈ ಬಂದೂಕಿನ ಗುಣದೋಷ ಕೈಗೆ ತಿಳಿಯುವಷ್ಟು ಚಿತ್ರಕ್ಕೆ ತಿಳಿಯುವುದಿಲ್ಲ. ಟೆಕ್ಸಾಸಿನ ನಿವಾಸಿಗಳಿಬ್ಬರ ನಡುವಿನ ಖಾಸಗಿ ಮಾರಾಟಕ್ಕೆ ವ್ಯಾಪಾರಿಯ ಮಧ್ಯಸ್ಥಿಕೆ ಕಡ್ಡಾಯವಲ್ಲ, ಆದರೂ ಚಿಕ್ಕ ಶುಲ್ಕ ಕೊಟ್ಟು ಲೈಸೆನ್ಸ್ ಪಡೆದವರ ಮೂಲಕವೇ ವರ್ಗಾಯಿಸಿಕೊಳ್ಳಿ. ಗ್ರೀನ್ ಕಾರ್ಡಿನಲ್ಲಿರುವವರಿಗೆ ಪ್ರತಿಯೊಂದಕ್ಕೂ ಕಾಗದವಿರುವುದು ಒಳ್ಳೆಯದು. ಬೇರೆ ರಾಜ್ಯದ ಖಾಸಗಿ ವ್ಯಕ್ತಿಯಿಂದ ಕೊಳ್ಳುವುದಾದರೆ ವ್ಯಾಪಾರಿಯ ಮೂಲಕ ಹೋಗುವುದು ಕಾನೂನಿನ ಪ್ರಕಾರವೇ ಕಡ್ಡಾಯ. ನಳಿಗೆ 16 ಇಂಚಿಗಿಂತ ಅಥವಾ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆಯಿರುವಂತೆ ಯಾರಾದರೂ ಕತ್ತರಿಸಿದ್ದರೆ ಅದನ್ನು ಮುಟ್ಟಲೇಬೇಡಿ. ಅಂಥವುಗಳಿಗೆ 1934ರ ಪ್ರತ್ಯೇಕ ಫೆಡರಲ್ ಕಾನೂನಿದೆ.

ಅಂಗಡಿಯವರು ರೈಫಲನ್ನು ಕೈಗಿತ್ತ ಕೂಡಲೇ ನಳಿಗೆಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ಲೀವರ್ ಪೂರ್ತಿ ತೆರೆದು, ಚೇಂಬರಿನಲ್ಲಿ ಕಿರುಬೆರಳಿಟ್ಟು ನೋಡಿ. ಈ ಬಂದೂಕುಗಳ ಮ್ಯಾಗಝೀನ್ ನಳಿಗೆಯ ಕೆಳಗಿನ ಕೊಳವೆಯಾದ್ದರಿಂದ ಚೇಂಬರ್ ಖಾಲಿಯಿದ್ದರೂ ಕೊಳವೆಯಲ್ಲಿ ತೋಟೆ ಉಳಿದಿರಬಹುದು. ಕೊಳವೆಯ ಬಾಯಿಯಲ್ಲಿ ಫಾಲೋಅರ್, ಎಂದರೆ ತೋಟೆಗಳನ್ನು ಹಿಂದಕ್ಕೆ ದೂಡುವ ಮೊಟಕು ತುಂಡು, ಕಣ್ಣಿಗೆ ಬಿದ್ದ ಮೇಲೆಯೇ ಖಾಲಿಯೆಂದು ತಿಳಿಯಿರಿ.

ನಂತರ ನಳಿಗೆಯ ಒಳಭಾಗ. ಮಾರ್ಲಿನ್‌ನಲ್ಲಿ ಲೀವರಿನ ಒಂದೇ ಒಂದು ಸ್ಕ್ರೂ ಬಿಚ್ಚಿದರೆ ಲೀವರೂ ಬೋಲ್ಟೂ ಹೊರಬರುತ್ತವೆ, ಹಿಂದಿನಿಂದ ನೇರವಾಗಿ ನೋಡಬಹುದು; ಅಂಗಡಿಯವರ ಅನುಮತಿ ಕೇಳಿ, ಅವರೇ ಬಿಚ್ಚಿಕೊಡಲಿ. 92ರಲ್ಲಿ ಅಷ್ಟು ಸುಲಭವಲ್ಲ. ಬೋಲ್ಟ್ ತೆರೆದು, ಆ ಬಾಯಿಯೊಳಗೆ ಬಿಳಿ ಕಾಗದದ ಚೂರೊಂದನ್ನಿಟ್ಟು, ಅದರ ಮೇಲೆ ಫೋನಿನ ಬೆಳಕು ಬಿಟ್ಟು ಮುಂದಿನಿಂದ ನೋಡಬೇಕು. ಸುರುಳಿ ಗೀರುಗಳ ಅಂಚು ಉದ್ದಕ್ಕೂ ಸ್ಪಷ್ಟವಾಗಿರಬೇಕು. ನಡುವೆ ಎಲ್ಲಾದರೂ ಬಳೆಯ ಆಕಾರದ ಕಪ್ಪು ನೆರಳು ಕಂಡರೆ ಅದು ಮಸಿಯಲ್ಲ, ನಳಿಗೆ ಉಬ್ಬಿದ ಗುರುತು. ಮದ್ದು ಕಡಿಮೆಯಿದ್ದ ತೋಟೆಯೊಂದರ ಗುಂಡು ಉದ್ದ ನಳಿಗೆಯಲ್ಲಿ ಸಿಕ್ಕಿಕೊಂಡು, ಅದನ್ನು ಗಮನಿಸದೆ ಹಿಂದೆಯೇ ಇನ್ನೊಂದನ್ನು ಹಾರಿಸಿದಾಗ ಹೀಗಾಗುತ್ತದೆ. ಹೊರಗಿನಿಂದ ಬೆರಳಾಡಿಸಿದರೆ ಕೆಲವೊಮ್ಮೆ ಉಬ್ಬು ತಿಳಿಯುತ್ತದೆ. ಅಂಥ ರೈಫಲನ್ನು ಎಷ್ಟೇ ಅಗ್ಗವಾದರೂ ಹಿಂದಿರುಗಿಸಿ. ಚೇಂಬರಿನ ಒಳಗೆ, ತೋಟೆಯ ಮುಂದಿನ ತುದಿ ಬರುವ ಕಡೆ, ಉಂಗುರದಂಥ ಕಪ್ಪು ಕೆಸರು ಕಂಡರೆ ಗಾಬರಿ ಬೇಡ, ಗಿಡ್ಡನೆಯ.38 ತೋಟೆಗಳನ್ನು ಬಹಳ ಹಾರಿಸಿದ್ದಾರೆಂದು ಅರ್ಥ, ಬ್ರಷ್ ಮತ್ತು ದ್ರಾವಣಕ್ಕೆ ಹೋಗುತ್ತದೆ.

ಆಮೇಲೆ ಹ್ಯಾಮರ್. ಅದನ್ನು ಅರ್ಧಕ್ಕೆ ಎಳೆದು ನಿಲ್ಲಿಸಿ ಟ್ರಿಗರನ್ನು ಒತ್ತಿದರೆ ಬೀಳಕೂಡದು. ಪೂರ್ತಿ ಎಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ, ಹಿಂದಿನಿಂದ ಹೆಬ್ಬೆರಳಿನಿಂದ ಮುಂದಕ್ಕೆ ದೂಡಿದರೂ ಬೀಳಕೂಡದು. ಈ ಎರಡರಲ್ಲಿ ಒಂದು ತಪ್ಪಿದರೂ ಯಾರೋ ಟ್ರಿಗರನ್ನು ಹಗುರಗೊಳಿಸಲು ಹೋಗಿ ಕೆಡಿಸಿದ್ದಾರೆಂದು ತಿಳಿಯಿರಿ. ಮಾರ್ಲಿನ್‌ನ ಟ್ರಿಗರ್ ಹಿಂದೆಮುಂದೆ ಸಡಿಲವಾಗಿ ಆಡುವುದು ಮಾತ್ರ ಅದರ ಹುಟ್ಟುಗುಣ, ದೋಷವಲ್ಲ.

ಮಾರ್ಲಿನ್ 1894ರಲ್ಲಿ ವಿಶೇಷವಾಗಿ ನೋಡಬೇಕಾದದ್ದು ಕ್ಯಾರಿಯರ್, ಎಂದರೆ ತೋಟೆಯನ್ನು ಮೇಲೆತ್ತುವ ತಟ್ಟೆ. ಲೀವರಿನ ಗಡುಸಾದ ಅಂಚು ಪ್ರತಿ ಸಲವೂ ಇದಕ್ಕೆ ತಾಗಿ, ವರ್ಷಗಳ ಬಳಕೆಯಲ್ಲಿ ಅದರ ತಳದಲ್ಲಿ ಗಾಯದಂಥ ಕೊರೆತ ಮಾಡುತ್ತದೆ. ಕೊರೆತ ಆಳವಾದಾಗ ಕ್ಯಾರಿಯರಿನ ಸಮಯ ತಪ್ಪಿ, ಎರಡನೆಯ ತೋಟೆಯ ತುದಿ ಕೊಳವೆಯಿಂದ ನುಸುಳಿ ಒಳಗೆ ಬಂದು, ಆಕ್ಷನ್ ಮೇಲೂ ಹೋಗದೆ ಕೆಳಗೂ ಬರದೆ ಹಿಡಿದುಕೊಳ್ಳುತ್ತದೆ. ಇಲ್ಲಿನ ಶೂಟರುಗಳು ಇದನ್ನು ‘ಮಾರ್ಲಿನ್ ಜಾಮ್’ ಎನ್ನುತ್ತಾರೆ. ಕ್ಯಾರಿಯರಿಗೆ ಬೆಸುಗೆ ತುಂಬಿ, ಲೀವರಿನ ಅಂಚನ್ನು ಉಜ್ಜಿ ದುಂಡಗೆ ಮಾಡಿದರೆ ಸರಿಹೋಗುತ್ತದೆ. ಆದರೆ ಆ ಖರ್ಚು ಬೆಲೆಯಿಂದ ಕಳೆಯಬೇಕಾದದ್ದು. ಪರೀಕ್ಷಿಸಲು ಮದ್ದಿಲ್ಲದ ಡಮ್ಮಿ ತೋಟೆಗಳೇ ಬೇಕು, ಖಾಲಿ ಆಕ್ಷನ್ ಎಲ್ಲವನ್ನೂ ಮುಚ್ಚಿಡುತ್ತದೆ. ನಾಲ್ಕಾರು ಡಮ್ಮಿಗಳನ್ನು ಪೆಟ್ಟಿಗೆಯೊಂದರಲ್ಲಿ ಒಯ್ದು, ಅಂಗಡಿಯವರಿಗೆ ತೋರಿಸಿ ಒಪ್ಪಿಗೆ ಪಡೆದು, ಒಮ್ಮೆ ನಿಧಾನವಾಗಿಯೂ ಒಮ್ಮೆ ಬಿರುಸಾಗಿಯೂ ಲೀವರ್ ಆಡಿಸಿ. ಬಿರುಸಿನಲ್ಲಿ ಸರಾಗವಾಗಿ ಹೋಗಿ ನಿಧಾನದಲ್ಲಿ ಸಿಕ್ಕಿಕೊಳ್ಳುವ ರೈಫಲ್‌ಗಳುಂಟು. ಎಕ್ಸ್‌ಟ್ರಾಕ್ಟರ್ ಪ್ರತಿಯೊಂದನ್ನೂ ಹಿಡಿದೆಳೆಯಬೇಕು, ಎಜೆಕ್ಟರ್ ಹೊರಗೆಸೆಯಬೇಕು. ಪಕ್ಕದ ಲೋಡಿಂಗ್ ಗೇಟಿನ ಸ್ಪ್ರಿಂಗ್ ಮತ್ತು ಕೊಳವೆಯ ಮೇಲೆ ತಗ್ಗು ಬಿದ್ದಿದೆಯೇ ಎಂಬುದು ಕೂಡ ಇದೇ ಪರೀಕ್ಷೆಯಲ್ಲಿ ತಿಳಿಯುತ್ತದೆ.

ಮರದಲ್ಲಿ ಬಿರುಕಿದ್ದರೆ ಅದು ರಿಸೀವರಿನ ಹಿಂಬಾಲಕ್ಕೆ ಮರ ಸೇರುವಲ್ಲೇ ಇರುತ್ತದೆ, ಅಲ್ಲಿ ಕೂದಲೆಳೆಯಷ್ಟು ಗೆರೆಯಿದ್ದರೂ ಅಲಕ್ಷಿಸಬೇಡಿ. ಸ್ಕ್ರೂಗಳ ತಲೆ ಚಿಂದಿಯಾಗಿದ್ದರೆ ಅರಿಯದವರು ಒಳಗೆ ಕೈಯಾಡಿಸಿದ್ದಾರೆ. ಲೋಹದ ನೀಲಿ ಬಣ್ಣ ಹಿಡಿದೊಯ್ಯುವ ಜಾಗದಲ್ಲಿ ಮಾಸಿರುವುದು ಮಾತ್ರ ಏನೂ ಅಲ್ಲ. ಬೆಲೆ ಇಳಿಸಲು ಅದು ನಿಮಗೇ ಅನುಕೂಲ.

ಕೊಂಡ ಮೇಲಿನ ಬಳಕೆಯ ಬಗ್ಗೆ ಕೆಲವು ಮಾತು. ಕೊಳವೆಯಲ್ಲಿ ಒಂದರ ಗುಂಡಿನ ಮೂತಿ ಮುಂದಿನದರ ಪ್ರೈಮರಿಗೆ, ಎಂದರೆ ಪೆಟ್ಟು ಬಿದ್ದರೆ ಸಿಡಿಯುವ ಬುಡದ ಬಿಲ್ಲೆಗೆ, ತಾಗಿಕೊಂಡಿರುವುದರಿಂದ ಚಪ್ಪಟೆ ಮೂತಿಯ ಗುಂಡುಗಳನ್ನೇ ಬಳಸಬೇಕು, ಗಡುಸಾದ ಚೂಪು ಮೊನೆಯದು ಒದೆತದ ಹೊಡೆತಕ್ಕೆ ಮುಂದಿನ ತೋಟೆಯನ್ನು ಕೊಳವೆಯಲ್ಲೇ ಸಿಡಿಸಬಹುದು. ಮೂತಿಯ ಬುಡದಲ್ಲಿ ಚೂಪು ಅಂಚಿರುವ ಸೆಮಿ ವ್ಯಾಡ್‌ಕಟರ್ ಗುಂಡುಗಳು ಕೆಲವು ರೈಫಲ್‌ಗಳಲ್ಲಿ ಚೇಂಬರಿನ ಬಾಯಿಗೆ ಎಡವುತ್ತವೆ. ಹಳೆಯ .44 ಮಾರ್ಲಿನ್ ಕೊಂಡರೆ ಅದರ ಸುರುಳಿ 38 ಇಂಚಿಗೆ ಒಂದು ಸುತ್ತು ಮಾತ್ರ ಎಂಬುದು ನೆನಪಿರಲಿ. 240 ಗ್ರೇನಿಗೆ ಅದು ಸರಿ, ಬಹಳ ಭಾರದ ಉದ್ದನೆಯ ಗುಂಡುಗಳು ನಿಖರವಾಗಿ ಹೋಗುವುದಿಲ್ಲ. ಸದ್ದು ಎಂದಿಗಿಂತ ಸಪ್ಪಗೆ ಕೇಳಿದ ತಕ್ಷಣ ನಿಲ್ಲಿಸಿ, ರೈಫಲನ್ನು ಖಾಲಿ ಮಾಡಿ, ನಳಿಗೆಯಲ್ಲಿ ಬೆಳಕು ಹಾಯುತ್ತದೆಯೇ ನೋಡಿ.

ಹ್ಯಾಮರ್ ಎತ್ತಿದ ಮೇಲೆ ಹಾರಿಸುವುದು ಬೇಡವೆನಿಸಿದಾಗ, ಚೇಂಬರಿನಲ್ಲಿ ಜೀವಂತ ತೋಟೆಯಿರುವಂತೆಯೇ ಅದನ್ನು ಹೆಬ್ಬೆರಳಿನಿಂದ ಇಳಿಸುವ ಕ್ಷಣ ಈ ಬಂದೂಕಿನಲ್ಲಿ ಅತ್ಯಂತ ಅಪಾಯದ್ದು. ನಳಿಗೆ ಗುರಿದಿಬ್ಬದ ಕಡೆಗೇ ಇರಲಿ, ಹೆಬ್ಬೆರಳು ಒದ್ದೆಯಾಗಿರಬಾರದು. ಜೋಡಿ ನಳಿಗೆಯನ್ನು ಮುರಿದು ತೋಟೆ ತೆಗೆಯುವ ಅಭ್ಯಾಸವುಳ್ಳವರಿಗೆ ಇದು ಹೊಸ ಸಂಗತಿ, ಆದ್ದರಿಂದ ಮನೆಯಲ್ಲಿ ಡಮ್ಮಿ ತೋಟೆಯೊಂದಿಗೆ ಕೈಗೆ ಒಗ್ಗುವವರೆಗೂ ಅಭ್ಯಾಸ ಮಾಡಿ. ಮನೆಯಲ್ಲಿ ಅಥವಾ ಬಂದುಹೋಗುವವರಲ್ಲಿ ಮಕ್ಕಳಿದ್ದರೆ, 17 ವರ್ಷದೊಳಗಿನವರ ಕೈಗೆ ಸಿಗುವಂತೆ ತುಂಬಿದ ಬಂದೂಕನ್ನು ಬಿಡುವುದು ಟೆಕ್ಸಾಸಿನಲ್ಲಿ ಅಪರಾಧ. ಸೀಸದ ಗುಂಡು ಹಾರಿಸಿದ ದಿನ ಊಟಕ್ಕೆ ಮುನ್ನ ಸೋಪು ಹಾಕಿ ಕೈ ತೊಳೆಯಬೇಕು. ಕಿವಿಗೂ ಕಣ್ಣಿಗೂ ರಕ್ಷಣೆ .38 ಹಾರಿಸುವಾಗಲೂ ಬೇಕೇ ಬೇಕು.

ಮೊದಲ ದಿನ .357 ಮತ್ತು .38, ಎರಡರಲ್ಲೂ 158 ಗ್ರೇನಿನ ಚಪ್ಪಟೆ ಮೂತಿಯ ಒಂದೊಂದು ಪೆಟ್ಟಿಗೆ ಒಯ್ಯಿರಿ. 50 ಗಜದಲ್ಲಿ ಮೂಟೆಯ ಮೇಲೆ ಆನಿಸಿ .357ಕ್ಕೆ ಸೈಟ್ ಹೊಂದಿಸಿಕೊಂಡರೆ, 100 ಗಜದಲ್ಲಿ ಅದು ಎರಡು-ಮೂರು ಇಂಚು ಮಾತ್ರ ಕೆಳಗೆ ಬೀಳುತ್ತದೆ. ಅದೇ ಸೈಟಿನಲ್ಲಿ .38 ತೋಟೆ 50 ಗಜದಲ್ಲೇ ಕೆಲವು ಇಂಚು ಕೆಳಗೆ ಹೋಗಬಹುದು, 100 ಗಜದಲ್ಲಿ ಇನ್ನೂ ಬಹಳ ಕೆಳಗೆ. ಎಷ್ಟೆಂಬುದನ್ನು ನಿಮ್ಮ ರೈಫಲೇ ಹೇಳಬೇಕು, ಕಾಗದದ ಗುರಿಯ ಮೇಲೆ ಬರೆದಿಟ್ಟುಕೊಳ್ಳಿ. ನಲವತ್ತು ದಾಟಿದ ಕಣ್ಣುಗಳಾದರೆ ನಳಿಗೆಯ ಮೇಲಿನ ಹಳೆಯ ‘ವಿ’ ಆಕಾರದ ಸೈಟು ಮಸುಕಾಗಿ ಕಾಣುತ್ತದೆ; ರಿಸೀವರಿನ ಮೇಲೆ ಕೂರಿಸುವ, ಚಿಕ್ಕ ರಂಧ್ರದ ಮೂಲಕ ನೋಡುವ ಪೀಪ್ ಸೈಟ್ ಅದಕ್ಕೆ ತಕ್ಕ ಪರಿಹಾರ. ದುರ್ಬೀನೇ ಬೇಕೆಂದಾದರೆ ಮಾರ್ಲಿನ್ ಮೇಲು, ಏಕೆಂದರೆ ಅದು ಖಾಲಿ ಕೇಸನ್ನು ಪಕ್ಕಕ್ಕೆ ಎಸೆಯುತ್ತದೆ. 92 ನೇರ ಮೇಲಕ್ಕೆ ಎಸೆಯುವುದರಿಂದ ಅದರ ನೆತ್ತಿಯ ಮೇಲೆ ದುರ್ಬೀನಿಗೆ ಜಾಗವಿಲ್ಲ.